ಹಡಗು ಕಾದ ಹೊತ್ತು, ಲಾರಿ ಕಾದ ಹೊತ್ತು

ಒಂದು ಹಡಗು ಬಂದರಿಗೆ ಬಂದು ಹೋಗುವಷ್ಟರಲ್ಲಿ ಹತ್ತಾರು ಬಗೆಯ ಕಾಗದಪತ್ರ ಹುಟ್ಟುತ್ತವೆ. ಅವುಗಳಲ್ಲಿ ನನಗೆ ಹೆಚ್ಚು ಗೌರವವಿರುವುದು ‘ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್’ ಎಂಬ ಎರಡು ಮೂರು ಪುಟಗಳ ದಾಖಲೆಯ ಮೇಲೆ. ಬಾಯಿಮಾತಿನಲ್ಲಿ ಅದು ಎಸ್‌ಒಎಫ್. ಮಂಗಳೂರಿನ ಹಡಗು ಏಜೆಂಟರೊಬ್ಬರ ಕಚೇರಿಗೆ ವಾಟರ್ ಕ್ಲರ್ಕ್ ಆಗಿ ಸೇರಿದ ನನ್ನ ನೌಕರಿಯ ಬಹುಪಾಲು ಇದನ್ನು ಬರೆಯುವುದರಲ್ಲೇ ಕಳೆಯಿತು. ಅದರಲ್ಲಿ ಹೊಗಳಿಕೆ ತೆಗಳಿಕೆ ಏನೂ ಇರುವುದಿಲ್ಲ. ಗಂಟೆ, ನಿಮಿಷ, ಆಗ ನಡೆದದ್ದು, ಇಷ್ಟೇ. ಹಡಗು ಹೊರಗೆ ಲಂಗರು ಹಾಕಿದ್ದು 04:10. ಸರಕು ಇಳಿಸಲು ಸಿದ್ಧ ಎಂದು ಕ್ಯಾಪ್ಟನ್ ನೋಟಿಸ್ ಕೊಟ್ಟದ್ದು 04:15. ಪೈಲಟ್ ಹಡಗು ಹತ್ತಿದ್ದು ಮರುದಿನ 11:30. ಮೊದಲ ಹಗ್ಗ ದಡಕ್ಕೆ ಬಿದ್ದದ್ದು 12:40. ಕೆಲಸ ಶುರುವಾದದ್ದು 14:20. ಮಳೆ ಬಂದು ಹ್ಯಾಚ್ ಮುಚ್ಚಿದ್ದು 16:45. ಮಳೆ ನಿಂತು ಹ್ಯಾಚ್ ತೆರೆದದ್ದು 18:10.

ಈ ಕಾಗದಕ್ಕೆ ಇಷ್ಟು ಬೆಲೆ ಏಕೆಂದರೆ ಇದರ ಪ್ರತಿ ಸಾಲಿನ ಹಿಂದೆ ದುಡ್ಡಿದೆ. ಹಡಗನ್ನು ಬಾಡಿಗೆಗೆ ಪಡೆದವರಿಗೆ ಸರಕು ಇಳಿಸಲು ಇಂತಿಷ್ಟು ಹೊತ್ತು ಎಂದು ಒಪ್ಪಂದದಲ್ಲಿ ಬರೆದಿರುತ್ತದೆ. ಅದು ಮೀರಿದರೆ ಹಡಗಿನ ಮಾಲೀಕನಿಗೆ ಡೆಮರೇಜ್ ಕಟ್ಟಬೇಕು. ದಿನಕ್ಕೆ 24,000 ಡಾಲರ್ ಡೆಮರೇಜ್ ಎಂದಿಟ್ಟುಕೊಂಡರೆ ಗಂಟೆಗೆ 1,000, ಕಾಲು ಗಂಟೆಗೆ 250. ಮಳೆಯ ಹೊತ್ತನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಮಳೆ ಶುರುವಾದದ್ದು ನಾಲ್ಕೂವರೆಗೋ ನಾಲ್ಕೂಮುಕ್ಕಾಲಿಗೋ ಎಂಬುದು ದೊಡ್ಡ ಪ್ರಶ್ನೆಯೇ. ಆಟಿ ತಿಂಗಳಲ್ಲಿ ಪಣಂಬೂರಿನ ಮಳೆ ಕಂಡವರಿಗೆ ಗೊತ್ತು, ಅದು ಗಂಟೆಗೆ ಮೂರು ಸಲ ಬಂದು ಮೂರು ಸಲ ನಿಲ್ಲುತ್ತದೆ. ಯೂರಿಯಾ ಹಡಗಾದರೆ ನಾಲ್ಕು ಹನಿ ಬಿದ್ದರೂ ಹ್ಯಾಚ್ ಮುಚ್ಚಲೇಬೇಕು. ಒದ್ದೆಯಾದ ಯೂರಿಯಾ ಗಟ್ಟಿಕಟ್ಟಿ ಯಾರಿಗೂ ಬೇಡವಾಗುತ್ತದೆ. ಹಡಗಿನ ಚೀಫ್ ಆಫೀಸರ್ ಒಂದು ಹೊತ್ತು ಹೇಳುತ್ತಾನೆ, ಸರಕು ಇಳಿಸುವ ಸ್ಟೀವ್‌ಡೋರ್ ಕಂಪನಿಯ ಫೋರ್‌ಮನ್ ಇನ್ನೊಂದು ಹೇಳುತ್ತಾನೆ. ನಡುವೆ ನೋಟ್‌ಬುಕ್ ಹಿಡಿದು ರೇನ್‌ಕೋಟಿನಲ್ಲಿ ನಿಂತ ನಾನು.

ಮಳೆಗಿಂತ ಕಷ್ಟದ ಸಾಲು ಇನ್ನೊಂದಿತ್ತು. ಗ್ರ್ಯಾಬ್ ಯೂರಿಯಾವನ್ನು ಬಾಚಿ ತಂದು ಹಾಪರ್‌ಗೆ ಸುರಿಯಬೇಕು, ಹಾಪರ್ ಕೆಳಗೆ ಲಾರಿ ಇರಬೇಕು. ಲಾರಿ ಇಲ್ಲದಿದ್ದರೆ ಹಾಪರ್ ತುಂಬುತ್ತದೆ, ಗ್ರ್ಯಾಬ್ ಗಾಳಿಯಲ್ಲಿ ನಿಲ್ಲುತ್ತದೆ. ಆಗ ‘ಕೆಲಸ ನಿಂತಿದೆ, ಲಾರಿಗಾಗಿ ಕಾಯುತ್ತಿದೆ’ ಎಂದು ಬರೆಯಬೇಕು. ‘ಹಾಗೆ ಬರೀಬೇಡಿ ಮಾರಾಯ್ರೆ, ಕ್ರೇನ್ ಸ್ವಲ್ಪ ನಿಧಾನ ಇತ್ತು ಅಂತ ಬರೀರಿ’ ಎಂದು ಫೋರ್‌ಮನ್ ಒತ್ತಾಯ ಮಾಡುವುದು ಅಲ್ಲಿಯೇ. ಕ್ರೇನ್ ಹಡಗಿನದಾದರೆ ಆ ಹೊತ್ತು ಹಡಗಿನವರ ತಲೆಗೆ, ಲಾರಿ ದಡದವರದ್ದಾದ್ದರಿಂದ ಅದು ದಡದವರ ತಲೆಗೆ. ಬಂದರು, ಬಸ್ ನಿಲ್ದಾಣ, ಗೂಡ್ಸ್ ಶೆಡ್, ವಿಮಾನ ನಿಲ್ದಾಣ, ಯಾವುದರ ಕಾರ್ಯಕ್ಷಮತೆಯ ಅಂಕಿ ಕಂಡರೂ ನಾನು ಕೇಳುವ ಎರಡು ಪ್ರಶ್ನೆಗಳು ಹುಟ್ಟಿದ್ದು ಆ ಧಕ್ಕೆಯ ಮೇಲೆ. ಗಡಿಯಾರ ಎಲ್ಲಿಂದ ಶುರುವಾಯಿತು? ಅದು ಯಾರ ಹೊತ್ತನ್ನು ಎಣಿಸಿತು?

ಪಣಂಬೂರಿನಲ್ಲಿರುವ ನವಮಂಗಳೂರು ಬಂದರು ಕರ್ನಾಟಕದ ಏಕೈಕ ಪ್ರಧಾನ ಬಂದರು. 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಣೆಯಾಯಿತು, 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಮರಳ ದಂಡೆಯನ್ನು ಅಗೆದು, ಒಳಗೆ ಕಡಲನ್ನು ಕರೆದು ಮಾಡಿದ ಬಂದರು ಇದು. ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ವರ್ಷಕ್ಕೆ 4 ಕೋಟಿ ಟನ್‌ಗಿಂತ ಹೆಚ್ಚು ಸರಕು ಓಡಾಡುತ್ತಿದೆ. ಪತ್ರಿಕೆಗಳಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಬರುವ ಅಂಕಿ ಇದೇ, ಈ ಸಲ ಇಷ್ಟು ಟನ್, ಕಳೆದ ಸಲಕ್ಕಿಂತ ಶೇಕಡಾ ಇಷ್ಟು ಹೆಚ್ಚು ಎಂದು. ಬಂದರಿನ ಗಾತ್ರ ತಿಳಿಯಲು ಅದು ಸಾಕು. ಬಂದರು ಚೆನ್ನಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅದರಿಂದ ಏನೇನೂ ಪ್ರಯೋಜನವಿಲ್ಲ.

ಕಾರಣ ಸರಳ. ಕಚ್ಚಾ ತೈಲದ ಟ್ಯಾಂಕರ್ ಪೈಪಿಗೆ ಬಾಯಿ ಕೊಟ್ಟರೆ ಹಡಗಿನ ಪಂಪುಗಳೇ ಸಾವಿರಾರು ಟನ್ ತಳ್ಳಿಬಿಡುತ್ತವೆ. ಆಫ್ರಿಕಾದಿಂದ ಬಂದ ಗೇರುಬೀಜದ ಒಂದು ಟನ್ ಮತ್ತು ಆ ತೈಲದ ಒಂದು ಟನ್ ತಕ್ಕಡಿಯಲ್ಲಿ ಒಂದೇ, ಬಂದರಿನ ಶ್ರಮದಲ್ಲಿ ಒಂದಲ್ಲ. ಇನ್ನು, ಟನ್ನಿನ ಅಂಕಿ ಕುಸಿದರೆ ಅದು ಬಂದರಿನ ತಪ್ಪೂ ಅಲ್ಲ. ಕುದುರೆಮುಖದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಾಗಿ ಹರಿದು ಪಣಂಬೂರಿಗೆ ಬರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಆ ಅದಿರಿನ ಟನ್ನುಗಳು ಇಲ್ಲವಾದವು. ಅಂದ ಮಾತ್ರಕ್ಕೆ ಧಕ್ಕೆಯ ಮೇಲಿನ ಒಬ್ಬನೇ ಒಬ್ಬ ಕಾರ್ಮಿಕ ಮೊದಲಿಗಿಂತ ಸೋಮಾರಿಯಾದನೆಂದು ಹೇಳಲಾದೀತೇ?

ಆದ್ದರಿಂದ ಅಳೆಯುವವರು ಹಾಕಿದ ಸಾಧನಕ್ಕೆ ಎಷ್ಟು ಫಲ ಬಂತು ಎಂದು ನೋಡುತ್ತಾರೆ. ಒಂದು ಹಡಗು ಬರ್ತಿನಲ್ಲಿ, ಅಂದರೆ ಧಕ್ಕೆಯಲ್ಲಿ ಹಡಗು ಕಟ್ಟುವ ಜಾಗದಲ್ಲಿ, ನಿಂತ ಒಂದು ದಿನಕ್ಕೆ ಎಷ್ಟು ಟನ್, ಒಂದು ಮೀಟರ್ ಧಕ್ಕೆಗೆ ವರ್ಷಕ್ಕೆ ಎಷ್ಟು ಕಂಟೇನರ್, ಒಂದು ಕ್ರೇನ್ ಗಂಟೆಗೆ ಎಷ್ಟು ಪೆಟ್ಟಿಗೆ ಎತ್ತಿತು. ಇದು ಉತ್ಪಾದಕತೆ. ದಕ್ಷತೆ ಇನ್ನೊಂದು ಮಾತು. ಇರುವ ಸಾಧನಗಳಲ್ಲಿ ಆಗಬಹುದಾಗಿದ್ದ ಅತ್ಯುತ್ತಮ ಕೆಲಸಕ್ಕೆ ಹೋಲಿಸಿದರೆ ಆದ ಕೆಲಸ ಎಷ್ಟು ಎಂಬುದು ಅದು. ಎರಡು ಹಳೆಯ ಕ್ರೇನ್ ಇಟ್ಟುಕೊಂಡ ಸಣ್ಣ ಬಂದರು ಸಿಂಗಪುರದಷ್ಟು ಪೆಟ್ಟಿಗೆ ಎತ್ತಲಾರದು. 2024ರಲ್ಲಿ ಸಿಂಗಪುರ ದಾಟಿಸಿದ್ದು 4 ಕೋಟಿಗೂ ಹೆಚ್ಚು ಟಿಇಯು, ಅಂದರೆ ಇಪ್ಪತ್ತು ಅಡಿ ಕಂಟೇನರಿನ ಲೆಕ್ಕದಲ್ಲಿ ಅಷ್ಟು ಪೆಟ್ಟಿಗೆ. ಪಣಂಬೂರಿನ ಲೆಕ್ಕ ಒಂದೂವರೆ ಲಕ್ಷ ದಾಟಿದ್ದು. ಆದರೂ ತನ್ನಂಥದೇ ಸಾಧನಗಳುಳ್ಳ ಬಂದರುಗಳ ಪೈಕಿ ಸಣ್ಣ ಬಂದರು ಮುಂದಿರಬಹುದು. ಅಂಥ ಹೋಲಿಕೆಗೆ ಬೇಕಾದ ಗಣಿತವನ್ನು 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಎಂಬ ಮೂವರು ಅಮೆರಿಕದಲ್ಲಿ ಕಟ್ಟಿಕೊಟ್ಟರು. 1993ರಲ್ಲಿ ರೋಲ್ ಮತ್ತು ಹಯೂತ್ ಎಂಬ ವಿದ್ವಾಂಸರು ಅದನ್ನು ಬಂದರುಗಳಿಗೆ ಹಚ್ಚಿ ತೋರಿಸಿದರು. ಆ ಮೇಲೆ ಬಂದ ಪ್ರಬಂಧಗಳಿಗೆ ಲೆಕ್ಕವಿಲ್ಲ. ವಿಧಾನ ಒಳ್ಳೆಯದೇ, ಆದರೆ ಯಾವ ಸಾಧನವನ್ನು ಲೆಕ್ಕಕ್ಕೆ ಸೇರಿಸಿದಿರಿ, ಯಾವುದನ್ನು ಬಿಟ್ಟಿರಿ ಎಂಬುದರ ಮೇಲೆ ಪಟ್ಟಿಯ ಮೇಲು ಕೆಳಗು ನಿಲ್ಲುತ್ತದೆ.

ಕ್ರೇನಿನ ಅಂಕಿಯಲ್ಲೂ ಇದೇ ಕಥೆ. ಹತ್ತು ಗಂಟೆ ಬರ್ತಿನಲ್ಲಿದ್ದ ಹಡಗಿನಿಂದ ಒಂದು ಕ್ರೇನ್ 180 ಪೆಟ್ಟಿಗೆ ಎತ್ತಿಳಿಸಿತು ಎನ್ನಿ. ಗಂಟೆಗೆ 18. ಆ ಹತ್ತರಲ್ಲಿ ಶಿಫ್ಟ್ ಬದಲಾವಣೆ, ಊಟ, ಲ್ಯಾಶಿಂಗ್ ಬಿಚ್ಚಲು ಕಾದದ್ದು, ಟ್ರೇಲರ್ ಬಾರದೆ ನಿಂತದ್ದು ಎಲ್ಲ ಸೇರಿ ಎರಡೂವರೆ ಗಂಟೆ ಹೋಯಿತು. ಉಳಿದ ಏಳೂವರೆ ಗಂಟೆಗೆ ಭಾಗಿಸಿದರೆ ಗಂಟೆಗೆ 24. ಎರಡೂ ಸತ್ಯ. ಕ್ರೇನ್ ಆಪರೇಟರ್ ಎಷ್ಟು ಚುರುಕು ಎಂದು ತಿಳಿಯಬೇಕಾದರೆ 24 ನೋಡಿ. ಟರ್ಮಿನಲ್ ಎಷ್ಟು ಚುರುಕು ಎಂದು ತಿಳಿಯಬೇಕಾದರೆ 18 ನೋಡಿ. ಕರಪತ್ರದಲ್ಲಿ ಅಚ್ಚಾಗುವುದು ಹೆಚ್ಚಾಗಿ 24.

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕೆಂದಿರುವ ಜಾಗಕ್ಕೆ ಬಂದೆ. ಬರ್ತ್ ವರ್ಷದಲ್ಲಿ ಎಷ್ಟು ದಿನ ತುಂಬಿತ್ತು ಎಂಬ ಅಂಕಿ ಒಂದಿದೆ, ಬರ್ತ್ ಆಕ್ಯುಪೆನ್ಸಿ. ಶೇಕಡಾ 90 ತುಂಬಿತ್ತು ಎಂದರೆ ಓದುಗರಿಗೆ ಸಂತೋಷವಾಗುತ್ತದೆ. ಕೋಟಿಗಟ್ಟಲೆ ಸುರಿದು ಕಟ್ಟಿದ್ದು ಖಾಲಿ ಬಿದ್ದಿಲ್ಲವಲ್ಲ ಎಂಬ ಸಮಾಧಾನ. ಕಚೇರಿಯಲ್ಲಿ ಕೂತವರಿಗೆ ಅದು ಸಂತೋಷದ ಸುದ್ದಿ, ಹೊರಗೆ ಲಂಗರು ಹಾಕಿ ಕಾದವರಿಗೆ ಅದು ಶಾಪ.

ಇದರ ಲೆಕ್ಕ ಹಡಗಿನಿಂದ ಹುಟ್ಟಿದ್ದಲ್ಲ, ಟೆಲಿಫೋನಿನಿಂದ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎಂಜಿನಿಯರ್ ಎರ್ಲಾಂಗ್ 1909ರಲ್ಲಿ ಟೆಲಿಫೋನ್ ಕರೆಗಳ ಬಗ್ಗೆ ಮೊದಲ ಪ್ರಬಂಧ ಬರೆದ. ಕರೆಗಳು ಹೇಳಿಕೇಳಿ ಬರುವುದಿಲ್ಲ, ಮಾತು ಎಷ್ಟು ಹೊತ್ತು ನಡೆಯುತ್ತದೆಂದೂ ಗೊತ್ತಿರುವುದಿಲ್ಲ. ಹಾಗಿದ್ದಾಗ ಕಾಯುವ ಹೊತ್ತು ಎಷ್ಟಾಗುತ್ತದೆ? ಈ ಪ್ರಶ್ನೆಯಿಂದ ಬೆಳೆದ ಸರತಿಯ ಗಣಿತವನ್ನು ಒಂದೇ ಬರ್ತ್ ಇರುವ ಬಂದರಿಗೆ ಹಚ್ಚಿ ನೋಡಿ. ಒಂದು ಹಡಗಿನ ಕೆಲಸಕ್ಕೆ ಸರಾಸರಿ ಒಂದು ದಿನ ಬೇಕು ಎಂದಿಟ್ಟುಕೊಳ್ಳಿ. ಹಡಗುಗಳು ಹೇಗೆಂದರೆ ಹಾಗೆ ಬರುತ್ತವೆ, ಕೆಲಸದ ಹೊತ್ತೂ ಹೆಚ್ಚು ಕಡಿಮೆಯಾಗುತ್ತದೆ. ಬರ್ತ್ ಅರ್ಧ ತುಂಬಿದ್ದರೆ ಸರಾಸರಿ ಹಡಗು ಕಾಯುವುದು ಒಂದು ದಿನ. ಶೇಕಡಾ 80 ತುಂಬಿದ್ದರೆ ನಾಲ್ಕು ದಿನ. ಶೇಕಡಾ 90 ತುಂಬಿದ್ದರೆ ಒಂಬತ್ತು ದಿನ. 80ರಿಂದ 90ಕ್ಕೆ ಹೋದದ್ದು ಹತ್ತೇ ಅಂಕ, ಕಾಯುವ ಹೊತ್ತು ಮಾತ್ರ ಎರಡು ಪಟ್ಟು ದಾಟಿತು.

ಹೀಗಾಗುವುದು ಏಕೆಂದರೆ ಖಾಲಿ ಹೊತ್ತನ್ನು ಕೂಡಿಡಲಾಗುವುದಿಲ್ಲ. ಸೋಮವಾರ ಹಡಗೇ ಬರಲಿಲ್ಲ, ಬರ್ತ್ ಖಾಲಿ ನಿಂತಿತು, ಆ ದಿನ ಹೋಯಿತು. ಮಂಗಳವಾರ ಒಟ್ಟಿಗೆ ಮೂರು ಬಂದವು. ಸೋಮವಾರದ ಹೊತ್ತನ್ನು ತಂದು ಮಂಗಳವಾರಕ್ಕೆ ಹಚ್ಚಲು ಬರುವುದಿಲ್ಲ. ನಡುವೆ ಒಂದಿಷ್ಟು ಬಿಡುವು ಇದ್ದರೆ ಗುರುವಾರದ ಹೊತ್ತಿಗೆ ಸರತಿ ಕರಗುತ್ತದೆ. ಬಿಡುವೇ ಇಲ್ಲದಿದ್ದರೆ ಮಂಗಳವಾರದ ತಡ ಮುಂದಿನ ವಾರಕ್ಕೂ ದಾಟುತ್ತದೆ. ಇದನ್ನು ಬಲ್ಲ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ, ಅಂಕ್‌ಟಾಡ್, ಬೆಳೆಯುತ್ತಿರುವ ದೇಶಗಳ ಬಂದರು ಕಟ್ಟುವವರಿಗೆಂದು ಹೊರತಂದ ಕೈಪಿಡಿಯಲ್ಲಿ ಸಾಮಾನ್ಯ ಸರಕಿನ ಬರ್ತುಗಳಿಗೆ ಮಿತಿ ಹೇಳಿದೆ. ಒಂದೇ ಬರ್ತ್ ಇದ್ದರೆ ಶೇಕಡಾ 40ಕ್ಕಿಂತ ಹೆಚ್ಚು ತುಂಬಿಸಬೇಡಿ, ಎರಡಿದ್ದರೆ 50, ನಾಲ್ಕಿದ್ದರೆ 60, ಆರರಿಂದ ಹತ್ತು ಇದ್ದರೆ 70. ಬರ್ತುಗಳು ಹೆಚ್ಚಾದಷ್ಟೂ ಒಂದರ ತಡವನ್ನು ಇನ್ನೊಂದು ಹೀರಿಕೊಳ್ಳುತ್ತದೆ. ಒಂದೇ ಬರ್ತಿನ ಬಂದರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಧಕ್ಕೆ ಖಾಲಿ ಇರುವುದು ಸರಿಯಾದ ಯೋಜನೆ ಎಂಬುದನ್ನು ಒಪ್ಪಿಕೊಳ್ಳುವುದು ನಮ್ಮಲ್ಲಿ ಯಾವ ಸಮಿತಿಗೂ ಸುಲಭವಲ್ಲ. ಆದರೂ ಅದು ಸತ್ಯ.

ಕಾಯುವುದನ್ನು ಕಡಿಮೆ ಮಾಡಲು ಧಕ್ಕೆ ಕಟ್ಟುವುದೊಂದೇ ದಾರಿಯಲ್ಲ. ಏರುಪೇರನ್ನು ತಗ್ಗಿಸಿದರೂ ಆಗುತ್ತದೆ. ಕಂಟೇನರ್ ಹಡಗುಗಳಿಗೆ ಇಂಥ ವಾರ ಇಂಥ ದಿನ ಇಷ್ಟರಿಂದ ಇಷ್ಟು ಗಂಟೆಯವರೆಗೆ ಎಂದು ಬರ್ತಿಂಗ್ ವಿಂಡೋ ಕೊಟ್ಟಿರುತ್ತಾರೆ. ಅವು ಹೊತ್ತಿಗೆ ಸರಿಯಾಗಿ ಬಂದರೆ ಅದೇ ಧಕ್ಕೆ ಹೆಚ್ಚು ತುಂಬಿದರೂ ಸರತಿ ಬೆಳೆಯುವುದಿಲ್ಲ.

ಇಳಿದ ಪೆಟ್ಟಿಗೆಗಳು ಕೂರುವ ಅಂಗಳದ ಲೆಕ್ಕ ಇನ್ನೂ ಸುಲಭ. ಜಾನ್ ಲಿಟ್ಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಒಂದಿದೆ. ಒಳಗಿರುವವರ ಸಂಖ್ಯೆ ಎಂದರೆ ದಿನಕ್ಕೆ ಬರುವವರು ಗುಣಿಸು ಒಬ್ಬೊಬ್ಬರು ಒಳಗಿರುವ ದಿನಗಳು. ಕಂಟೇನರ್ ಯಾರ್ಡಿಗೆ ದಿನಕ್ಕೆ 300 ಪೆಟ್ಟಿಗೆ ಬರುತ್ತವೆ, ಪ್ರತಿಯೊಂದೂ ಸರಾಸರಿ ಐದು ದಿನ ಕೂರುತ್ತದೆ ಎಂದರೆ ಅಂಗಳದಲ್ಲಿ ಯಾವಾಗ ನೋಡಿದರೂ 1,500 ಪೆಟ್ಟಿಗೆ. ಕಾಗದಪತ್ರ, ತಪಾಸಣೆ ಚುರುಕಾಗಿ ಅದು ಮೂರು ದಿನಕ್ಕೆ ಇಳಿದರೆ 900. ಒಂದು ಅಡಿ ಜಾಗ ಕೊಳ್ಳದೆ, ಒಂದು ಚೀಲ ಸಿಮೆಂಟ್ ಸುರಿಯದೆ 600 ಪೆಟ್ಟಿಗೆಯ ಜಾಗ ಸಿಕ್ಕಿತು. ಮೆಜೆಸ್ಟಿಕ್‌ನ ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ‘ಬೇ’ಗೂ ಇದೇ ಸೂತ್ರ. ಒಂದು ಬೇಯಲ್ಲಿ ಬಸ್ಸು ಹತ್ತು ನಿಮಿಷ ನಿಂತರೆ ಗಂಟೆಗೆ ಆರು ಬಸ್ಸು, ಆರು ನಿಮಿಷಕ್ಕೆ ಹೊರಟರೆ ಹತ್ತು. ಬೇ ಹೆಚ್ಚಾಗಲಿಲ್ಲ, ಬಸ್ಸು ಬೇಗ ಹೊರಟಿತು. ರೈಲ್ವೆಯವರು ಒಂದು ವ್ಯಾಗನ್ ಸರಕು ತುಂಬಿಕೊಂಡು ಹೋಗಿ ಮತ್ತೆ ತುಂಬಲು ಸಿದ್ಧವಾಗುವಷ್ಟರಲ್ಲಿ ಎಷ್ಟು ದಿನ ಹಿಡಿಯಿತು ಎಂದು ಎಣಿಸುವುದೂ ಇದಕ್ಕಾಗಿಯೇ.

ಜಗತ್ತಿನ ಸರಕು ಸಾಗಣೆಯನ್ನು ಬದಲಿಸಿದ್ದೂ ನಿಂತ ಹೊತ್ತನ್ನು ಕಡಿಮೆ ಮಾಡಿದ ಉಪಾಯವೇ. 1956ರ ಏಪ್ರಿಲ್ 26ರಂದು ಅಮೆರಿಕದ ಉದ್ಯಮಿ ಮಾಲ್ಕಮ್ ಮೆಕ್‌ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ 58 ಪೆಟ್ಟಿಗೆ ಹೊತ್ತು ಹೊರಟಿತು. ಬಿಡಿ ಸರಕನ್ನು ಹಡಗಿಗೆ ತುಂಬಲು ಆಗ ಟನ್ನಿಗೆ 5 ಡಾಲರ್ 83 ಸೆಂಟ್ ತಗಲುತ್ತಿತ್ತು. ಪೆಟ್ಟಿಗೆಯಲ್ಲಿ ತಗಲಿದ್ದು 16 ಸೆಂಟಿಗೂ ಕಡಿಮೆ.

ನಮ್ಮ ದೇಶದ ಬಂದರುಗಳೂ ಚುರುಕಾಗಿವೆ, ಅದನ್ನು ಸಂತೋಷದಿಂದಲೇ ಬರೆಯುತ್ತೇನೆ. ಪ್ರಧಾನ ಬಂದರುಗಳಲ್ಲಿ ಹಡಗು ಬಂದು ಹೋಗುವ ಸರಾಸರಿ ಹೊತ್ತು 2013-14ರಲ್ಲಿ ಸುಮಾರು 94 ಗಂಟೆ ಇದ್ದದ್ದು 2023-24ರಲ್ಲಿ 48 ಗಂಟೆಗೆ ಇಳಿಯಿತು. ವಿಶ್ವಬ್ಯಾಂಕ್ 2021ರಿಂದ ಕಂಟೇನರ್ ಬಂದರುಗಳ ಕಾರ್ಯಕ್ಷಮತೆಯ ಪಟ್ಟಿ ಹೊರಡಿಸುತ್ತಿದೆ. ಅದರ 2023ರ ಪಟ್ಟಿಯಲ್ಲಿ ವಿಶಾಖಪಟ್ಟಣ 115ನೆಯ ಸ್ಥಾನದಿಂದ 19ಕ್ಕೆ ಜಿಗಿಯಿತು, ಮುಂದ್ರಾ 48ರಿಂದ 27ಕ್ಕೆ ಬಂತು. ವಿಶಾಖಪಟ್ಟಣದಲ್ಲಿ ಕ್ರೇನ್ ಗಂಟೆಗೆ 27.5 ಪೆಟ್ಟಿಗೆ ಎತ್ತುತ್ತದೆ, ಹಡಗು 21.4 ಗಂಟೆಯಲ್ಲಿ ಬಂದು ಹೋಗುತ್ತದೆ ಎಂದು ಸರ್ಕಾರ ಪ್ರಕಟಿಸಿತು. ಇವೆಲ್ಲ ದುಡಿದು ಗಳಿಸಿದ ಅಂಕಿಗಳು. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಒಂದು ಒಳ್ಳೆಯ ಗುಣವೂ ಇದೆ. ಅದು ಹಡಗು ಬರ್ತಿಗೆ ಕಟ್ಟಿದ ಮೇಲಿನಿಂದ ಅಲ್ಲ, ಬಂದರಿನ ಮಿತಿಗೆ ಬಂದ ಕ್ಷಣದಿಂದ ಎಣಿಸುತ್ತದೆ. ಹೊರಗೆ ಕಾದ ಹೊತ್ತೂ ಲೆಕ್ಕಕ್ಕೆ ಬರುತ್ತದೆ.

ಆದರೆ ಮಿತಿಯ ಗೆರೆ ಎಳೆದಲ್ಲೆಲ್ಲ ಗೆರೆಯಾಚೆ ಕಾಯುವವರಿರುತ್ತಾರೆ. 2021ರಲ್ಲಿ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಮುಂದೆ ಕಂಟೇನರ್ ಹಡಗುಗಳು ಸಾಲುಗಟ್ಟಿ ನಿಂತದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದೇವೆ. ಆ ವರ್ಷದ ನವೆಂಬರ್ 16ರಿಂದ ಹೊಸ ವ್ಯವಸ್ಥೆ ಬಂತು. ದಂಡೆಯ ಹತ್ತಿರ ಬಂದು ನಿಂತವರಿಗೆ ಮೊದಲ ಸರದಿ ಎಂಬ ಪದ್ಧತಿ ಬಿಟ್ಟು, ಹಿಂದಿನ ಬಂದರಿನಿಂದ ಹೊರಟ ಹೊತ್ತಿನ ಮೇಲೆ ಸರದಿ ನಿಗದಿ ಮಾಡಿದರು. ಹಡಗುಗಳು ಸುಮಾರು 150 ಮೈಲಿ ದೂರದಲ್ಲೇ ನಿಧಾನವಾಗಿ ಬರಲಿ ಎಂದರು. ಉದ್ದೇಶ ಒಳ್ಳೆಯದೇ: ದಂಡೆಯ ಊರುಗಳಿಗೆ ಹೊಗೆ ಕಡಿಮೆ, ಬಿರುಗಾಳಿಯಲ್ಲಿ ಡಿಕ್ಕಿಯ ಭಯ ಕಡಿಮೆ. ಕಣ್ಣಿಗೆ ಕಾಣುವ ಹಡಗುಗಳ ಸಂಖ್ಯೆ ದಡಬಡನೆ ಇಳಿಯಿತು. ನಿಜವಾದ ಸರತಿ ಇಳಿಯಲಿಲ್ಲ, 2022ರ ಜನವರಿಯಲ್ಲಿ ಅದು 109 ಹಡಗುಗಳನ್ನು ಮುಟ್ಟಿತು. ಅಲ್ಲಿನ ಮರೀನ್ ಎಕ್ಸ್‌ಚೇಂಜ್ ಸಂಸ್ಥೆ ಹತ್ತಿರದವನ್ನೂ ದೂರದವನ್ನೂ ಕೂಡಿಸಿ ಲೆಕ್ಕ ಹೇಳುತ್ತಿದ್ದದ್ದರಿಂದ ಜನರಿಗೆ ಸತ್ಯ ಗೊತ್ತಾಯಿತು. ಆ ಸಂಸ್ಥೆಯ ಆ ಒಂದು ಕೆಲಸಕ್ಕೆ ನನ್ನಂಥ ಲೆಕ್ಕ ಬರೆಯುವವರೆಲ್ಲ ತಲೆಬಾಗಬೇಕು.

ಸಮುದ್ರದ ಕಡೆ ಇಷ್ಟಾದರೂ ಎಣಿಸುತ್ತಾರೆ. ನೆಲದ ಕಡೆಯದ್ದು?

ಹಾಸನ, ಚಿಕ್ಕಮಗಳೂರು, ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಾಫಿ ತುಂಬಿದ ಕಂಟೇನರುಗಳು ಘಾಟಿ ಇಳಿದು ಪಣಂಬೂರಿಗೆ ಬರುತ್ತವೆ. ಹಡಗಿಗೆ ಕಟ್‌ಆಫ್ ಎಂದು ಒಂದು ಹೊತ್ತು ಇರುತ್ತದೆ, ಅಷ್ಟರೊಳಗೆ ಪೆಟ್ಟಿಗೆ ಗೇಟಿನೊಳಗೆ ಹೋಗಬೇಕು. ಬೇಗ ತಂದರೆ ಯಾರ್ಡಿನ ಬಾಡಿಗೆ, ತಡ ಮಾಡಿದರೆ ಹಡಗೇ ತಪ್ಪುತ್ತದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಮುಗಿಯಿತು. ಆದ್ದರಿಂದ ಎಲ್ಲರೂ ಕೊನೆಯ ಏಳೆಂಟು ಗಂಟೆಗಳಲ್ಲಿ ಬಂದು ಒಂದೇ ಗೇಟಿಗೆ ಮೂತಿ ಇಡುತ್ತಾರೆ. ಅಂಥ ಒಂದು ಯಾರ್ಡಿನ ಹೊರಗೆ, ಅದು ಯಾವುದೆಂದು ಇಲ್ಲಿ ಹೇಳುವ ಅಗತ್ಯವಿಲ್ಲ, ಒಂದು ಬೆಳಿಗ್ಗೆ ಗೂಡಂಗಡಿಯಲ್ಲಿ ಚಾ ಕುಡಿಯುತ್ತಿದ್ದೆ. ಹಿಂದಿನ ರಾತ್ರಿ ನಮ್ಮ ಹಡಗು ಹೇಳಿದ ಹೊತ್ತಿಗೂ ಮೊದಲೇ ಕೆಲಸ ಮುಗಿಸಿ ಹೊರಟಿತ್ತು. ಪಕ್ಕದಲ್ಲಿ ಸಕಲೇಶಪುರ ಕಡೆಯ ಟ್ರೇಲರ್ ಚಾಲಕರೊಬ್ಬರು ಕೂತಿದ್ದರು.

‘ಏನಣ್ಣ, ಲೋಡು ಇಳೀತಾ?’ ಎಂದೆ.

‘ಎಲ್ಲಿ ಸಾರ್. ನಿನ್ನೆ ಸಾಯಂಕಾಲ ಐದಕ್ಕೆ ಬಂದೋನು. ಇನ್ನೂ ಗೇಟೇ ದಾಟಿಲ್ಲ.’

‘ಒಳಗೆ ಹೋದ್ರೆ ಅರ್ಧ ಗಂಟೆ ಕೆಲಸ ಅಂತಾರಲ್ಲ.’

‘ಒಳಗೆ ಅರ್ಧ ಗಂಟೆನೇ ಸಾರ್, ಅದು ಸುಳ್ಳಲ್ಲ. ಗೇಟಲ್ಲಿ ಚೀಟಿ ಕೊಡೋ ಹೊತ್ತಿಂದ ಅರ್ಧ ಗಂಟೆ. ಚೀಟಿ ಸಿಗೋವರೆಗೆ ನಾನು ಕಾದಿದ್ದು ಯಾರ ಬುಕ್ಕಲ್ಲಿದೆ ಹೇಳಿ?’

ನನ್ನ ಬಳಿ ಉತ್ತರವಿರಲಿಲ್ಲ. ಹಡಗು ಕಾದರೆ ನಿಮಿಷ ನಿಮಿಷಕ್ಕೂ ಬರೆಯುವ ನಾನಿದ್ದೆ, ಸಹಿ ಹಾಕುವ ಕ್ಯಾಪ್ಟನ್ ಇದ್ದ, ಡೆಮರೇಜ್ ಎಂಬ ಕರಾರಿತ್ತು. ಈ ಮನುಷ್ಯ ರಾತ್ರಿಯಿಡೀ ಕ್ಯಾಬಿನ್ನಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಮಲಗಿದ್ದಕ್ಕೆ ಕಾಗದವೇ ಇಲ್ಲ. ಲಾರಿ ಮಾಲೀಕರಿಗೆ ಹಾಲ್ಟಿಂಗ್ ಚಾರ್ಜ್ ಸಿಕ್ಕರೆ ಸಿಕ್ಕಿತು, ಚಾಲಕರಿಗೆ ಟ್ರಿಪ್ ಲೆಕ್ಕದ ಸಂಬಳ. ಒಂದು ಟ್ರಿಪ್ ಎರಡು ದಿನದ ಬದಲು ಮೂರು ದಿನವಾದರೆ ತಿಂಗಳಿಗೆ ಟ್ರಿಪ್ ಕಡಿಮೆ, ಮನೆಗೆ ಹೋಗುವ ದುಡ್ಡು ಕಡಿಮೆ. ಅವರ ಟರ್ಮಿನಲ್ ಹೊತ್ತು ಹದಿನಾರು ಗಂಟೆ. ಟರ್ಮಿನಲ್ಲಿನ ಬೋರ್ಡಿನಲ್ಲಿ ಅದು ಅರ್ಧ ಗಂಟೆ. ಟರ್ಮಿನಲ್ ತನ್ನ ಕೆಲಸ ಹಗುರ ಮಾಡಿಕೊಳ್ಳಲು ಕಾಯುವುದನ್ನು ಗೇಟಿನಾಚೆ ದಾಟಿಸಿದರೆ ಅದರ ದಕ್ಷತೆಯ ಅಂಕಿ ಏರುತ್ತದೆ, ಊರಿನ ಒಟ್ಟು ಹೊತ್ತು ಮಾತ್ರ ಅಷ್ಟೇ ಹಾಳಾಗುತ್ತದೆ. ಇದನ್ನು ದಕ್ಷತೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ವಿಮಾನ ನಿಲ್ದಾಣದಲ್ಲಿ ಭದ್ರತಾ ತಪಾಸಣೆಯ ಸರತಿಯನ್ನು ಚಿಕ್ಕದು ಮಾಡಿ, ಹೊರಬಾಗಿಲಿನ ಸರತಿಯನ್ನು ಎಣಿಸದೇ ಬಿಟ್ಟರೂ ಇದೇ ಆಗುತ್ತದೆ. ಬಸ್ ನಿಲ್ದಾಣದಲ್ಲಿ ಬಸ್ಸು ಹೊತ್ತಿಗೆ ಹೊರಟದ್ದನ್ನು ಟ್ರಾಫಿಕ್ ಕಂಟ್ರೋಲರ್ ಬರೆಯುತ್ತಾರೆ. ಊರಿಗೆ ಹೋಗುವ ಮುದುಕಿ ಬೆಂಚಿನಲ್ಲಿ ಎಷ್ಟು ಹೊತ್ತು ಕೂತಿದ್ದರು ಎಂದು ಯಾರೂ ಬರೆಯುವುದಿಲ್ಲ.

ಬರೆಯಲು ಆಗುವುದಿಲ್ಲ ಎಂಬ ಮಾತು ಇಂದು ನಿಲ್ಲುವುದಿಲ್ಲ. ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ ಎಂಬ ವ್ಯವಸ್ಥೆ 2016ರ ಜುಲೈನಲ್ಲಿ ಮುಂಬೈ ಸಮೀಪದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಶುರುವಾಯಿತು. ಕಂಟೇನರಿಗೆ ಒಂದು ರೇಡಿಯೋ ಟ್ಯಾಗ್ ಹಚ್ಚುತ್ತಾರೆ. ಬಂದರಿನ ಗೇಟು, ಟೋಲ್, ಒಳನಾಡಿನ ಡಿಪೋ ಎಲ್ಲೆಲ್ಲಿ ದಾಟಿತೋ ಅಲ್ಲೆಲ್ಲ ಹೊತ್ತು ತಾನೇ ದಾಖಲಾಗುತ್ತದೆ. ಲಾರಿಗಳ ಗಾಜಿನ ಮೇಲೆ ಫಾಸ್ಟ್ಯಾಗ್ ಹೇಗೂ ಇದೆ. ಗೇಟಿಗೆ ಎರಡು ಕಿಲೋಮೀಟರ್ ಮೊದಲೇ ಒಂದು ರೀಡರ್ ನಿಲ್ಲಿಸಿದರೆ ಚಾಲಕನ ಗಡಿಯಾರ ನ್ಯಾಯವಾದ ಜಾಗದಿಂದ ಶುರುವಾಗುತ್ತದೆ.

ಇದಕ್ಕೆ ದುಡ್ಡಿನ ಕರಾರು ಸೇರಿಸಿದ ಊರೂ ಇದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೋರ್ಟ್ ಬಾಟನಿ ಎಂಬ ಕಂಟೇನರ್ ಬಂದರಿದೆ. ಅಲ್ಲಿಯೂ ಲಾರಿಗಳು ಗಂಟೆಗಟ್ಟಲೆ ಕಾಯುತ್ತಿದ್ದವು. ನ್ಯೂ ಸೌತ್ ವೇಲ್ಸ್ ಸರ್ಕಾರ ನಿಯಮ ಮಾಡಿ, ಲಾರಿಯವರು ಮೊದಲೇ ಹೊತ್ತು ಕಾಯ್ದಿರಿಸಬೇಕು ಎಂದಿತು. ಹೊತ್ತಿಗೆ ಬಾರದ ಲಾರಿ ಟರ್ಮಿನಲ್‌ಗೆ ದಂಡ ಕಟ್ಟಬೇಕು. ಹೊತ್ತಿಗೆ ಬಂದ ಲಾರಿಯನ್ನು ನಿಗದಿಗಿಂತ ಹೆಚ್ಚು ಕಾಯಿಸಿದರೆ ಟರ್ಮಿನಲ್ ಲಾರಿಯವರಿಗೆ ದಂಡ ಕಟ್ಟಬೇಕು. 2011ರಿಂದ ಇದು ಜಾರಿಯಲ್ಲಿದೆ. ಹಡಗಿಗೆ ಇದ್ದ ಡೆಮರೇಜ್ ಲಾರಿಗೂ ಬಂತು ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಕಾಯಿಸಿದವನಿಗೆ ಖರ್ಚು ಬಿದ್ದಾಗ ಕಾಯುವವನ ಹೊತ್ತಿಗೆ ಬೆಲೆ ಬರುತ್ತದೆ.

ನಮ್ಮ ಪಣಂಬೂರಿನಲ್ಲೂ, ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲೂ, ದೇಶದ ಬೇರೆ ಟರ್ಮಿನಲ್ಲುಗಳಲ್ಲೂ ಇಂಥದ್ದೊಂದು ಆಗಬೇಕು. ದಂಡದ ನಿಯಮ ತಡವಾದರೆ ಆಗಲಿ, ಲೆಕ್ಕ ಇಂದೇ ಶುರುವಾಗಬಹುದು. ಟರ್ಮಿನಲ್ ನಡೆಸುವವರಲ್ಲಿ ನನ್ನ ಬಿನ್ನಹ ಇಷ್ಟು: ತಿಂಗಳ ವರದಿಯಲ್ಲಿ ಹಡಗು ಕಾದ ಗಂಟೆಗಳ ಪಕ್ಕದಲ್ಲೇ ಲಾರಿ ಕಾದ ಗಂಟೆಗಳನ್ನೂ ಅಚ್ಚು ಮಾಡಿ, ಗೇಟಿನಿಂದಲ್ಲ, ಸರತಿಯ ಬಾಲದಿಂದ ಎಣಿಸಿ. ಸರಾಸರಿಯೊಂದನ್ನೇ ಕೊಡಬೇಡಿ, ಅತಿ ಹೆಚ್ಚು ಕಾದ ಹತ್ತರಲ್ಲೊಂದು ಪಾಲು ಲಾರಿಗಳು ಎಷ್ಟು ಹೊತ್ತು ಕಾದವು ಎಂದೂ ಹೇಳಿ. ಬಂದರಿನ ಸುದ್ದಿ ಬರೆಯುವ ಪತ್ರಕರ್ತ ಮಿತ್ರರು ಏಪ್ರಿಲ್‌ನಲ್ಲಿ ಟನ್ನಿನ ಅಂಕಿ ಕೇಳುವಾಗ ಈ ಅಂಕಿಯನ್ನೂ ಕೇಳಲಿ.